ಹ್ಯಾಶ್ ಆದಮೇಲೆ ಒಂದು ಜಾಗ

ಕಮಲಾಪುರದ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತೇನೆ. ನನ್ನ ಗೆಳತಿ ಅಲ್ಲೇ ವಿಜ್ಞಾನ ಕಲಿಸುತ್ತಿದ್ದಳು. ಕಲಬುರಗಿಯಿಂದ ಇಬ್ಬರೂ ಒಂದೇ ಬಸ್ಸಿಗೆ ಹೋಗಿಬರುತ್ತಿದ್ದೆವು. ಆಕೆ ಮೋಮಿನಪುರದವಳು, ಮನೆಮಾತು ಉರ್ದು, ನನಗಿಂತ ಬಹಳ ಚಿಕ್ಕವಳು. ಬಸ್ಸಿನಲ್ಲಿ ಯಾವಾಗಲೂ ನನಗೆ ಕಿಟಕಿಯ ಸೀಟು ಹಿಡಿದಿಡುತ್ತಿದ್ದಳು.

ಒಂದು ದಿನ ನಾನು ಹೈರಾಣಾಗಿದ್ದೇನೆ ಎಂದಾಗ, "ಇದು ನಮ್ಮ ಮನಿ ಮಾತಲ್ಲೇನ್ರಿ ಅಕ್ಕಾ?" ಎಂದು ನಕ್ಕಳು. ನಮ್ಮ ಮನೆಯದೂ ಹೌದು ಎಂದೆ. ಆಮೇಲೆ ಎರಡೂ ಮನೆಗಳಲ್ಲಿ ಓಡಾಡುವ ಮಾತುಗಳನ್ನು ಕೂಡಿಸತೊಡಗಿದೆವು. ನಾನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಬಸ್ಸಿನ ಕುಲುಕಾಟಕ್ಕೆ ನನ್ನ ಅಕ್ಷರ ನನಗೇ ತಿಳಿಯುತ್ತಿರಲಿಲ್ಲ.

"ಫೋನಿನ್ಯಾಗ ಬರೀರಿ. ಮಾರ್ಕ್‌ಡೌನ್ ಕಲಿಸ್ತೀನಿ, ಸರಳ ಅದ," ಎಂದಳು.

ಸಾದಾ ಬರಹದ ನಡುವೆ ನಾಲ್ಕಾರು ಗುರುತು ಇಟ್ಟರೆ ಅದೇ ತಲೆಬರಹವಾಗಿ, ಪಟ್ಟಿಯಾಗಿ ಕಾಣುತ್ತದಂತೆ. ಸಾಲಿನ ಮೊದಲಿಗೆ # ಎಂಬ ಹ್ಯಾಶ್ ಗುರುತು ಒತ್ತಿ 'ದವಾಖಾನಿ' ಎಂದು ಬರೆದೆ. ತಲೆಬರಹ ಆಗಲಿಲ್ಲ, ಹ್ಯಾಶ್ ಹಾಗೇ ನಿಂತಿತ್ತು.

"ಹ್ಯಾಶ್ ಆದಮ್ಯಾಲೆ ಜರಾ ಜಾಗಾ ಬಿಡ್ರಿ ಅಕ್ಕಾ."

ಬಿಟ್ಟೆ. ಅಕ್ಷರ ದಪ್ಪಗೆ, ದೊಡ್ಡದಾಗಿ ಎದ್ದು ನಿಂತಿತು. ಮಕ್ಕಳಿಗೆ ಕಾಗುಣಿತ ತಿದ್ದುವ ನಾನು ಹಿಗ್ಗಿದೆ. ಪದದ ಹಿಂದೆ ಮುಂದೆ ಒಂದೊಂದು ನಕ್ಷತ್ರ ಹಾಕಿದರೆ ಅಕ್ಷರ ವಾಲುತ್ತದೆ, ಎರಡೆರಡು ಹಾಕಿದರೆ ದಪ್ಪಗಾಗುತ್ತದೆ, ಸಾಲಿನ ಮೊದಲಿಗೆ ಅಡ್ಡಗೆರೆ ಎಳೆದರೆ ಪಟ್ಟಿ. ನಕ್ಷತ್ರ ತೆರೆದು ಮುಚ್ಚುವುದನ್ನು ಪದೇಪದೇ ಮರೆಯುತ್ತಿದ್ದೆ. ಆಕೆ ಬೆರಳು ಚಾಚಿ ಮುಚ್ಚುತ್ತಿದ್ದಳು. ಆ ಮಾತುಗಳ ಕಡತವನ್ನು ಇಬ್ಬರ ಫೋನಿನಲ್ಲೂ ತೆರೆಯುವಂತೆ ಮಾಡಿದಳು. ಮನೆಯಲ್ಲಿ ರೊಟ್ಟಿ ಬಡಿಯುವಾಗ ನೆನಪಾದ ಮಾತನ್ನು ಬರೆದರೆ, ಕೈ ತೊಳೆದು ಬರುವಷ್ಟರಲ್ಲಿ ಅದರ ಕೆಳಗೆ ಆಕೆಯ ಅರ್ಥ ಮೂಡಿರುತ್ತಿತ್ತು.

ಮದುವೆಯಾಗಿ ಆಕೆ ಪುಣೆಗೆ ಹೋದಳು. ಮೊದಲ ಕೆಲವು ತಿಂಗಳು ಕಡತದಲ್ಲಿ ಆಕೆಯ ಹೊಸ ಸಾಲುಗಳು ಬಂದವು, ಮೆಲ್ಲಗೆ ಕಡಿಮೆಯಾಗಿ ನಿಂತವು. ಜಗಳವೇನೂ ಇರಲಿಲ್ಲ. ಅಲ್ಲಿ ಕೆಲಸ, ಮಗು, ಅತ್ತೆ. ನನಗದು ಗೊತ್ತಿದ್ದರೂ ಬಸ್ಸು ಹತ್ತಿದ ಕೂಡಲೇ ಕಡತ ತೆರೆದು ಕೊನೆಯವರೆಗೂ ಸರಿಸುತ್ತಿದ್ದೆ. ಕೊನೆಯ ಸಾಲುಗಳೆಲ್ಲ ನನ್ನವೇ. 'ನಕ್ಕೊ' ಎಂಬ ತಲೆಬರಹವನ್ನು ಆಕೆಯೇ ಹಾಕಿ, ಅರ್ಥ ಬರೆಯದೆ ಬಿಟ್ಟಿದ್ದಳು. ಬೇಡ ಅಂತ ಅದರರ್ಥ, ನನಗೂ ಗೊತ್ತು. ಆದರೂ ಅದನ್ನು ನಾನು ತುಂಬಲಿಲ್ಲ.

ಹೋದ ತಿಂಗಳು ತಡೆಯಲಾರದೆ ಮೋಮಿನಪುರದ ಆಕೆಯ ತವರುಮನೆಗೆ ಹೋದೆ. ಅವಳ ತಾಯಿ ಒಳಗೆ ಕರೆದು ಚಹಾ ಕೊಟ್ಟರು.

"ಬೇಟಿ, ಅಕಿ ನಿನ್ನ ನೆನಸ್ತಾಳ. ಫೋನ್ ಹಚ್ಚಿದ್ರ ನನ್ನ ಜೋಡಿನೂ ಎರಡೇ ಮಾತಾಡ್ತಾಳ."

ಕಡತ ತೆಗೆದು ಅವರಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು. ಒಂದು ಕಡೆ ತಡೆದು, "ಹಂಗಲ್ಲ, ಅಕಿ ಸಣ್ಣಾಕಿದ್ದಾಗ ಬ್ಯಾರೆ ಅಂತಿದ್ದಳು," ಎಂದು ಮಗಳ ತೊದಲು ಮಾತೊಂದನ್ನು ಹೇಳಿದರು. ನಾನು ಒಂದು ಸಾಲು ಖಾಲಿ ಬಿಟ್ಟು ಅದನ್ನು ಬರೆದುಕೊಂಡೆ. ಅವರು ಮತ್ತೊಂದು ಹೇಳತೊಡಗಿದರು.