ಜಾಯಿಂಟಿಗೆ ಮೂವತ್ತು

ಅವರ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಎಂದೋ ಉಳಿ ಜಾರಿದ ಗುರುತು. ಆ ಸೀಳಿನಲ್ಲಿ ಹಲಸಿನ ಮರದ ಹಳದಿ ಹುಡಿ ಸದಾ ಕೂತಿರುತ್ತಿತ್ತು. ಬಿಳಿ ಪಂಚೆ ಉಟ್ಟು ಮದುವೆ ಮನೆಗೆ ಬಂದಾಗಲೂ ಅದು ಹೋಗಿದ್ದನ್ನು ನಾನು ಕಂಡಿಲ್ಲ.

ಕಳಸದ ಬಸ್ ಸ್ಟ್ಯಾಂಡಿನ ಹಿಂದೆ ಅವರ ಶೆಡ್ಡು. ಊರಿಗೆಲ್ಲ ಅವರು ಆಚಾರ್ರು. ಮನೆ ಕಟ್ಟುವ ದೊಡ್ಡ ಕೆಲಸ ಒಪ್ಪುತ್ತಿರಲಿಲ್ಲ. ದೇವರ ಮಂಟಪ, ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೆ ಇಳಿಜಾರಿನ ಮೇಜು, ಇಂಥವೇ. ಮರದ ದುಡ್ಡು ಬೇರೆ. ಕೂಲಿ ಮಾತ್ರ ಜಾಯಿಂಟಿನ ಲೆಕ್ಕದಲ್ಲಿ, ಎರಡು ಮರ ಸೇರುವಲ್ಲೆಲ್ಲ ಇಷ್ಟು ಎಂದು. ಹಾಗಾಗಿ ಅವರ ಹತ್ತಿರ ಆರಡಿ ಬೆಂಚಿಗಿಂತ ಪುಟ್ಟ ಒಡವೆ ಪೆಟ್ಟಿಗೆಗೆ ಕೂಲಿ ಜಾಸ್ತಿ. ಅಂಥ ಪೆಟ್ಟಿಗೆ ಮಾಡಿಸಲು ಬಂದ ಒಬ್ಬರು ಟೀಚರು ಇದಕ್ಕೆ ಜಗಳಕ್ಕೇ ನಿಂತರು. ಆಚಾರ್ರು ಸಿಟ್ಟಾಗಲಿಲ್ಲ. "ಸರಿ ಅಮ್ಮ, ಎಷ್ಟು ಜಾಯಿಂಟು ಕಮ್ಮಿ ಮಾಡ್ಲಿ?" ಎಂದರು. ಟೀಚರು ಮನಸ್ಸಿನಲ್ಲೇ ಪೆಟ್ಟಿಗೆ ಬಿಚ್ಚಿ ನೋಡಿ, ಯಾವುದನ್ನೂ ಬಿಡುವ ಹಾಗಿಲ್ಲವೆಂದು ಅಡ್ವಾನ್ಸ್ ಕೊಟ್ಟು ಹೋದರು. ಮಳೆಗಾಲದಲ್ಲಿ ಮರ ಉಬ್ಬಿ ಮುಚ್ಚಳ ಬಿಗಿಯಾದಾಗ ಆಚಾರ್ರೇ ಅದನ್ನು ಪುಕ್ಕಟೆ ಉಜ್ಜಿಕೊಟ್ಟರು.

ನಾನು ಕುದುರೆಮುಖದಲ್ಲಿ ಗಣಿ ಕಂಪನಿಯ ಕ್ವಾರ್ಟರ್ಸಿನ ಬಾಗಿಲು ಕಿಟಕಿ ರಿಪೇರಿ ಮಾಡುತ್ತಿದ್ದ ಬಡಗಿ, ತಿಂಗಳ ಸಂಬಳದವನು. ಗಣಿ ನಿಂತಾಗ ಹೆಂಡತಿ, ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಕಳಸಕ್ಕೆ ಬಂದು ಶೆಡ್ಡು ಹಾಕಿದೆ. ಕೆಲಸ ಗೊತ್ತಿತ್ತು, ಬಾಯಿ ಬಿಟ್ಟು ರೇಟು ಹೇಳುವುದು ಗೊತ್ತಿರಲಿಲ್ಲ. ಅಲ್ಲಿಯವರೆಗೆ ಯಾರ ಹತ್ತಿರವೂ ದುಡ್ಡು ಕೇಳಿದವನಲ್ಲ. ಎಷ್ಟಾಗುತ್ತದೆ ಎಂದು ಗಿರಾಕಿ ಕೇಳಿದರೆ ಮುಖ ಬಿಸಿಯಾಗಿ, ನೀವೇ ನೋಡಿ ಕೊಡಿ ಎನ್ನುತ್ತಿದ್ದೆ. ಅವರೂ ನೋಡಿಯೇ ಕೊಡುತ್ತಿದ್ದರು. ಒಬ್ಬ ಕಾಫಿ ಪ್ಲಾಂಟರು ಆರು ಜೇನುಪೆಟ್ಟಿಗೆ ಮಾಡಿಸಿಕೊಂಡು, ಮರದ ದುಡ್ಡು ಹುಟ್ಟುವಷ್ಟು ಕೊಟ್ಟು, ಮೇಲೆ ಪ್ರೀತಿಯಿಂದ ಜೀಪಿನಿಂದ ಒಂದು ಬಾಳೆಗೊನೆ ಇಳಿಸಿದರು. ಹೆಂಡತಿ ಗೊನೆಯನ್ನೂ ನನ್ನನ್ನೂ ನೋಡಿದಳು. "ಇದನ್ನ ಸ್ಕೂಲ್ ಫೀಸಿಗೆ ಕಟ್ಟಕ್ಕಾಗ್ತದಾ?" ಎಂದಳು. ಇನ್ನೆರಡು ತಿಂಗಳು ಹೀಗೇ ಹೋದರೆ ಶೆಡ್ಡು ಮುಚ್ಚಿ ಎಸ್ಟೇಟ್ ಕೂಲಿಗೆ ಹೋಗಬೇಕೆಂಬುದು ಇಬ್ಬರಿಗೂ ಗೊತ್ತಿತ್ತು.

ಜೇನುಪೆಟ್ಟಿಗೆಯ ಸುದ್ದಿ ಆಚಾರ್ರಿಗೂ ಮುಟ್ಟಿತು. ಬೈಯಲೆಂದೇ ಬಂದರು. ನಾನು ಹೀಗೆ ಧರ್ಮಕ್ಕೆ ಮಾಡಿಕೊಟ್ಟರೆ ತಮ್ಮ ಗಿರಾಕಿಗಳೂ ಅದೇ ರೇಟು ಕೇಳುತ್ತಾರೆ ಎಂಬುದು ಅವರ ತಕರಾರು. ನ್ಯಾಯವೇ. ಬೈದು ಮುಗಿಸಿ, ಮೊದಲು ಮಾದರಿಗೆಂದು ಮಾಡಿ ಶೆಡ್ಡಿನಲ್ಲೇ ಉಳಿದಿದ್ದ ಒಂದು ಜೇನುಪೆಟ್ಟಿಗೆಯನ್ನು ಮಗುಚಿ, ಆ ಸೀಳು ಉಗುರಿನಿಂದ ಮೂಲೆಗಳನ್ನು ಒಂದೊಂದಾಗಿ ಸವರಿ ನೋಡಿದರು.

"ಹಲಗೆ ಕಾಡಿಂದು ಮಾರಾಯ. ಜಾಯಿಂಟು ಮಾತ್ರ ನಮ್ದು. ನಮ್ದಕ್ಕೆ ಕೇಳೋಕೆ ಎಂತ ನಾಚಿಕೆ?"

ಲೆಕ್ಕ ತಿಳಿಯಿತು. ಆದರೆ ನಾಲಿಗೆ ಏಳಬೇಕಲ್ಲ. ಎಣಿಸಿ ಮುನ್ನೂರು ಬಂದರೆ ಬಾಯಲ್ಲಿ ಇನ್ನೂರು ಬರುತ್ತಿತ್ತು.

ಆ ವರ್ಷದ ಮಳೆಗಾಲ ಕಳೆಯುವಾಗ ಆಚಾರ್ರ ಕೈ ನಡುಗಲು ಶುರುವಾಗಿ ಉಳಿ ಹಿಡಿಯುವುದು ನಿಂತಿತ್ತು. ಒಂದು ಬೆಳಿಗ್ಗೆ ಅವರೇ ನನ್ನ ಶೆಡ್ಡಿಗೆ ಗಿರಾಕಿಯಾಗಿ ಬಂದರು. ಬಚ್ಚಲಿನಲ್ಲಿ ಕೂತು ಸ್ನಾನ ಮಾಡಲು ಒಂದು ಸ್ಟೂಲು ಬೇಕಂತೆ. ಸೀಮೆಸುಣ್ಣದಲ್ಲಿ ಹಲಗೆಯ ಮೇಲೆ ಚಿತ್ರ ಬರೆದು ರೇಟು ಹೇಳು ಎಂದರು. ನಿಮ್ಮ ಹತ್ತಿರ ದುಡ್ಡು ತಗೊಳ್ಳುವುದುಂಟೇ ಎಂದೆ. ಹಾಗಾದರೆ ಮೂಡಿಗೆರೆಯಿಂದ ಪ್ಲಾಸ್ಟಿಕ್ಕಿನದು ತರಿಸುತ್ತೇನೆ ಎಂದು ಎದ್ದೇಬಿಟ್ಟರು. ಕೈ ಹಿಡಿದು ಕೂರಿಸಿದೆ. ಕಾಲುಗಳ ನಡುವಿನ ಅಡ್ಡಪಟ್ಟಿಗಳ ಎಂಟು ಜಾಯಿಂಟು ಎಣಿಸಿ, ಒಂದಕ್ಕೆ ಮೂವತ್ತರಂತೆ ಇನ್ನೂರ ನಲವತ್ತು ಎಂದೆ. ಕಾಲುಗಳು ಮೇಲಿನ ಹಲಗೆಗೆ ಸೇರುವ ನಾಲ್ಕನ್ನು ಬೇಕೆಂದೇ ಬಿಟ್ಟಿದ್ದೆ.

"ಇನ್ನೊಂದ್ಸಲ ಎಣಿಸು."

"ಮುನ್ನೂರ ಅರವತ್ತು."

"ಜಾಸ್ತಿ ಆಯ್ತು. ಮುನ್ನೂರು ಮಾಡು."

ಈ ಮನುಷ್ಯನಿಗೆ ಅರವತ್ತು ರೂಪಾಯಿ ಬಿಡದವನು ಎಂಥವನು ಎಂದು ನನಗೇ ನಾಚಿಕೆಯಾಯಿತು. ಅವರೋ ಸಂತೆಗೆ ಬಂದವರ ಹಾಗೆ ಚೌಕಾಸಿಗೆ ನಿಂತರು. ತಾನು ಮುದುಕ, ದುಡಿಮೆ ನಿಂತಿದೆ ಎಂದೆಲ್ಲ ಹೇಳಿದರು. ಅದರಲ್ಲಿ ಸುಳ್ಳೂ ಇರಲಿಲ್ಲ. ಕಡೆಗೆ ಚಿತ್ರದ ಮೇಲೆ ಕೈಯಿಟ್ಟೆ.

"ಇಲ್ಲ ಆಚಾರ್ರೇ. ಹನ್ನೆರಡು ಜಾಯಿಂಟು ಉಂಟು. ಮುನ್ನೂರ ಅರವತ್ತು."

ಅವರು ಜೇಬಿನಿಂದ ನೂರು ರೂಪಾಯಿ ಅಡ್ವಾನ್ಸ್ ತೆಗೆದಿಟ್ಟು ಹೋದರು. ನಗಲೂ ಇಲ್ಲ, ಶಹಭಾಸ್ ಎನ್ನಲೂ ಇಲ್ಲ. ಮುನಿಸಿಕೊಂಡರೇನೋ ಎಂದು ಎರಡು ದಿನ ನನಗೆ ಏನೂ ಸೇರಲಿಲ್ಲ. ಸ್ಟೂಲು ಒಯ್ದ ದಿನ ಬಾಕಿಯನ್ನೂ ಪೂರ್ತಿ ಕೊಟ್ಟರು.

ಅದಾದ ಮೇಲೆ ನಾನು ಯಾರಿಗೂ ನೀವೇ ನೋಡಿ ಕೊಡಿ ಎಂದಿಲ್ಲ. ಶೆಡ್ಡು ಉಳಿಯಿತು, ಮಕ್ಕಳಿಬ್ಬರ ಓದೂ ಆಯಿತು. ಅದೆಲ್ಲ ಆಚಾರ್ರ ಋಣ. ಅವರು ಮರುವರ್ಷ ತೀರಿಕೊಂಡರು. ಹನ್ನೊಂದನೇ ದಿನಕ್ಕೆ ಹೋದವನು ಅವರ ಹೆಂಡತಿಯ ಹತ್ತಿರ, ಸ್ಟೂಲಿಗೆ ದುಡ್ಡು ತಗೊಂಡ ವಿಷಯವನ್ನು ತಪ್ಪೊಪ್ಪಿಕೊಳ್ಳುವವನ ಹಾಗೆ ಎತ್ತಿದೆ.

"ಓ, ಅವತ್ತಾ? 'ಅವ ನಂಗೂ ಒಂದ್ರುಪಾಯಿ ಬಿಡ್ಲಿಲ್ಲ ಮಾರಾಯ್ತಿ' ಅಂತ ಬಾಗಿಲಿಂದ್ಲೇ ಹೇಳ್ಕೊಂಡು ಬಂದ್ರು. ಅವತ್ತು ಎರಡು ಸಲ ಅನ್ನ ಹಾಕಿಸ್ಕೊಂಡ್ರು."