ಟೋರ್ಲೈಫನ ದೋಣಿಮನೆಗೆ ದೂಗ್ನಾದ್

ಕೂಲಿಯಿಲ್ಲದೆ ಊರವರೆಲ್ಲ ಸೇರಿ ಮಾಡುವ ಕೆಲಸಕ್ಕೆ ನಾವು ದೂಗ್ನಾದ್ ಎನ್ನುತ್ತೇವೆ. ಶಾಲೆಯ ಬೇಲಿಯಾಗಲಿ, ಯಾರದೋ ಮನೆಯ ಗೋಡೆಯಾಗಲಿ, ಕರೆದರೆ ಹೋಗಬೇಕು. ಕರೆದವರು ಹೊಟ್ಟೆ ತುಂಬ ಊಟ ಹಾಕಬೇಕು. ಲೆಕ್ಕ ಯಾರೂ ಇಡುವುದಿಲ್ಲ.

ನಮ್ಮ ಪಕ್ಕದ ಮನೆಯ ಟೋರ್ಲೈಫ್ ಒಂದು ದೂಗ್ನಾದನ್ನೂ ತಪ್ಪಿಸಿದವನಲ್ಲ. ಹೆಂಡತಿ ತೀರಿಕೊಂಡ ವಾರವೂ ಬಂದು ಚರ್ಚಿನ ಮೆಟ್ಟಿಲು ರಿಪೇರಿ ಮಾಡಿದ. ಆದರೆ ತನಗಾಗಿ ಎಂದೂ ಯಾರನ್ನೂ ಕರೆದವನಲ್ಲ. ಮಹಾ ಹಟಮಾರಿ!

ಜನವರಿಯ ಬಿರುಗಾಳಿಗೆ, ದಡದಲ್ಲಿ ದೋಣಿ ಇಡಲೆಂದು ಕಟ್ಟಿದ್ದ ಅವನ ದೋಣಿಮನೆಯ ಮಾಡು ಹಾರಿಹೋಯಿತು. ಒಳಗಿದ್ದದ್ದು ಅವನಪ್ಪ ಮಾಡಿಕೊಟ್ಟ ಮರದ ದೋಣಿ. ಮಂಡಿನೋವಿನವನು ಏಣಿ ಹತ್ತುವಂತಿಲ್ಲ. ಟಾರ್ಪಾಲು ಹೊದಿಸಿ, ಹರಿದಾಗ ಮತ್ತೆ ಹೊದಿಸಿ, ಹಲಗೆ ಕೊಳೆಯುವುದನ್ನು ನೋಡುತ್ತ ಕುಳಿತ. ನನ್ನ ಗಂಡ ಸಹಾಯಕ್ಕೆ ಬರಲಾ ಎಂದದ್ದಕ್ಕೆ, "ನಂಗೇನು ಕೈಕಾಲು ಬಿದ್ದೋಗಿದ್ಯಾ?" ಎಂದು ಬಾಗಿಲು ಹಾಕಿಕೊಂಡ. ಆಮೇಲೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ನಾನೇ ಕಟ್ಟಿದೆ. ಹಿಮ ಕರಗಿದ ಮೇಲೆ ಊರವರಿಗೆಲ್ಲ ಗುಟ್ಟಾಗಿ ಹೇಳಿಟ್ಟು, ಟೋರ್ಲೈಫನಿಗೆ ಫೋನ್ ಮಾಡಿ, "ಶನಿವಾರ ದಡದಲ್ಲಿ ದೂಗ್ನಾದ್ ಇದೆ" ಎಂದೆ. ಯಾರ ಕೆಲಸವೆಂದು ಹೇಳಲಿಲ್ಲ, ಆದರೂ ಸುಳ್ಳೇನಲ್ಲವಲ್ಲ!

"ಸುತ್ತಿಗೆ ತರ್ಲಾ ಸಿಗ್ನೆ?"

"ತಾ ಮಾರಾಯ."

ಅವನು ಬರುವಷ್ಟರಲ್ಲಿ ಅರ್ಧ ಊರು ಅವನ ದೋಣಿಮನೆಯ ಮೇಲಿತ್ತು. ಟೋರ್ಲೈಫನ ಮುಖ ಕೆಂಪಾಯಿತು.

"ಏನಿದು? ನಂಗೆ ಭಿಕ್ಷೆ ಹಾಕ್ತಿದೀರಾ?"

ನನಗೂ ಸಿಟ್ಟು ನೆತ್ತಿಗೇರಿತು. "ಭಿಕ್ಷೆನಾ? ನಮ್ಮ ಅಡುಗೆಮನೆಗೆ ನೆಲ ಹಾಕ್ಕೊಟ್ಟೆಯಲ್ಲ, ಅದೂ ಭಿಕ್ಷೆನಾ? ಹಾಗಿದ್ರೆ ನಡಿ, ಈಗ್ಲೇ ಕಿತ್ಕೊಂಡು ಹೋಗು!"

ಅವನು ಸುತ್ತಿಗೆಯನ್ನು ಕಲ್ಲಿನ ಮೇಲಿಟ್ಟು ಮನೆಯತ್ತ ನಡೆದ. ಮೇಲಿದ್ದವರೆಲ್ಲ ಕೈ ನಿಲ್ಲಿಸಿ ನನ್ನನ್ನೇ ದುರುಗುಟ್ಟಿ ನೋಡಿದರು. ಈ ಹಾಳು ಬಾಯಿಂದ ಎಲ್ಲ ಕೆಟ್ಟಿತೆಂದು ನನ್ನ ಕಣ್ಣಲ್ಲಿ ನೀರೇ ಬಂತು.

ತುಂಬಾ ಹೊತ್ತಿನ ಮೇಲೆ ಅವನು ಕೈಗಾಡಿ ತಳ್ಳಿಕೊಂಡು ಬಂದ. ಅದರಲ್ಲಿ ಕಾಫಿ, ಬೇಯಿಸಿದ ಆಲೂಗಡ್ಡೆ, ಉಪ್ಪುಮೀನು, ಕಂದು ಚೀಸು; ಮನೆಯಲ್ಲಿದ್ದದ್ದೆಲ್ಲ ಇತ್ತು. ಮೊದಲ ತಟ್ಟೆ ನನಗೇ ಕೊಟ್ಟ.

"ಕರೆದ ಕಡೆಗೆಲ್ಲ ಹೋದೆ ಕಣೆ ಸಿಗ್ನೆ," ಎಂದ. "ಕರೆಯೋದು ಹೇಗೆ ಅಂತ್ಲೇ ಗೊತ್ತಾಗ್ಲಿಲ್ಲ."