ಮಾವ ಹೇಳಿದ ಬಿರುಗಾಳಿ

ಹವಾಮಾನ ಕಚೇರಿಯಲ್ಲಿ ಮೂವತ್ತು ವರ್ಷ ಮುಗಿಲು ನೋಡಿದ ಮನುಷ್ಯನಿಗೆ, ನಿವೃತ್ತಿಯಾದ ಮೇಲೆ ವಿಡಿಯೋ ಗೇಮ್ ಕಂಪನಿಯಲ್ಲಿ ಕೆಲಸ ಸಿಕ್ಕಿತೆಂದರೆ ಯಾರು ನಂಬುತ್ತಾರೆ? ಸಿಕ್ಕಿದ್ದಂತೂ ನಿಜ. ಮರುಭೂಮಿಯ ಆಟವೊಂದಕ್ಕೆ ಬಿಸಿಲು ಎಷ್ಟು, ಗಾಳಿ ಯಾವ ಕಡೆಯಿಂದ, ಮರಳು ಬಿರುಗಾಳಿ ಯಾವಾಗ ಅಂತ ಕೂಡಿಸಿ ಕೊಡುವ ಕೆಲಸ. ಅಲ್ಲಿಯವರೆಲ್ಲ ಅವರನ್ನು ‘ಹವಾಮಾನದ ಮಾವ’ ಅಂತಲೇ ಕರೆದರು.

ಮಾವನಿಗೆ ಸ್ವರ್ಗಕ್ಕೆ ಮೂರೇ ಗೇಣು. ಯಾಕೆ ಅಂತೀರಾ? ಹಿಂದೆಲ್ಲ ಅವರು ಮಳೆ ಅಂದ ದಿನ ಬೀದಿಯವರು ಹಾಸಿಗೆ ತಂದು ಬಿಸಿಲಿಗೆ ಹಾಕುತ್ತಿದ್ದರು. ಅದರಲ್ಲಿ ಅವರ ಹೆಂಡತಿಯೇ ಮೊದಲು. ಹಿತ್ತಲ ಗಿಡ ಮದ್ದಲ್ಲ, ಬಿಡಿ. ಆದರೆ ಈ ಆಟದಲ್ಲಿ ಮಾವ ಹೇಳಿದ ಗಳಿಗೆಗೆ ಗಾಳಿ ಏಳಲೇಬೇಕು! ಎಚ್ಚರಿಕೆಯನ್ನೂ ತಮ್ಮ ಧ್ವನಿಯಲ್ಲೇ ಓದಿ ಸೇರಿಸಿದ್ದರು: “ಸ್ವಲ್ಪ ಹೊತ್ತಿನಲ್ಲಿ ಮರಳು ಬಿರುಗಾಳಿ ಬರಲಿದೆ. ಗುಡಾರ ಸೇರಿಕೊಳ್ಳಿ.”

ಆಡಿ ನೋಡಿದವರು ಯಾರಾದರೂ ಕೇಳಬೇಕಲ್ಲ! ಹವಾಮಾನದ ವರದಿ ತಾನೇ ಅಂತ ಮೂಗು ಮುರಿದು ನಡೆದರು, ಮರಳಲ್ಲಿ ಹೂತುಹೋದರು. ಹನ್ನೊಂದು ಮಂದಿಯಲ್ಲಿ ಒಬ್ಬರೂ ಮರುಭೂಮಿಯಾಚೆಯ ಬಾವಿ ಮುಟ್ಟಿ ಆಟ ಗೆಲ್ಲಲಿಲ್ಲ.

ಮ್ಯಾನೇಜರಮ್ಮ ಕಡ್ಡಿ ಮುರಿದಂತೆ ಹೇಳಿದಳು: “ಮಾವ, ಶನಿವಾರ ಎಲ್ಲರ ಮನೆಯವರನ್ನೂ ಕರೆಸಿ ಆಡಿಸ್ತೀವಲ್ಲ, ಅವತ್ತು ಒಬ್ಬರಾದ್ರೂ ಬಾವಿ ಮುಟ್ಟಿದ್ರೆ ಸರಿ. ಇಲ್ಲಾಂದ್ರೆ ಬಿರುಗಾಳಿ ತೆಗೆದುಬಿಡೋಣ.”

ಎರಡು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಸಾಕಿದ ಬಿರುಗಾಳಿ! ಮಾವನಿಗೆ ನಾಲ್ಕು ದಿನ ಊಟ ಸೇರಲಿಲ್ಲ.

ಶನಿವಾರ ಬಂತು. ಒಬ್ಬೊಬ್ಬರಿಗೆ ಮೂರು ಸಲ ಅವಕಾಶ. ಬಂದವರೆಲ್ಲ ಸಾಲಾಗಿ ಹೂತುಹೋದರು. ಉಳಿದದ್ದು ಮಾವನ ಹೆಂಡತಿ ಒಬ್ಬರೇ. ಕನ್ನಡಕ ಒರೆಸಿಕೊಂಡು ಕೂತರು. ಪರದೆಯಿಂದ ಗಂಡನ ಧ್ವನಿ ಎಚ್ಚರಿಸಿತು. ಮೂವತ್ತು ವರ್ಷದ ಅಭ್ಯಾಸ ಬಿಡುತ್ತದೆಯೇ?

“ಇವರು ಬರುತ್ತೆ ಅಂದ್ರಾ? ಹಾಗಾದ್ರೆ ಬರಲ್ಲ,” ಅಂತ ಪರದೆಯಲ್ಲಿ ಮಲಗಿದ್ದ ಒಂಟೆಯನ್ನೂ ಎಬ್ಬಿಸಿಕೊಂಡು ಹೊರಟರು. ಒಂಟೆ ಸಮೇತ ಹೂತುಹೋದರು. ಎರಡನೇ ಸಲವೂ ಅದೇ ಕಥೆ. ಪಾಪದ ಒಂಟೆ!

“ರೀ, ಏನ್ರೀ ಇದು? ನಿಜವಾಗ್ಲೂ ಬಂತಲ್ಲ!”

“ಇಲ್ಲಿ ನಾನು ಹೇಳಿದ್ದೇ ಆಗೋದು ಕಣೇ.” ಮಾವ ಆಕೆಯ ಕುರ್ಚಿಯ ಪಕ್ಕ ಬಗ್ಗಿದರು. “ಒಂದೇ ಒಂದು ಸಲ ನನ್ನ ಮಾತು ಕೇಳು ಮಾರಾಯ್ತಿ.”

ಆಕೆ ತಿರುಗಿ ಗಂಡನ ಮುಖ ನೋಡಿದರು. ಮೂರನೇ ಸಲ ಎಚ್ಚರಿಕೆ ಕೇಳಿದ್ದೇ ತಡ, ಒಂಟೆಯನ್ನು ಒಳಗೆಳೆದುಕೊಂಡು ಗುಡಾರದ ಬಾಗಿಲು ಬಿಗಿದು ಕೂತುಬಿಟ್ಟರು. ಹೊರಗೆ ಆಕಾಶ ಭೂಮಿ ಒಂದಾಯಿತು. ಗಾಳಿ ಇಳಿದ ಮೇಲೆ ನೆಟ್ಟಗೆ ಬಾವಿಗೆ ನಡೆದು ಮೊದಲು ಒಂಟೆಗೆ ನೀರು ಕುಡಿಸಿದರು. ಇಡೀ ಕಚೇರಿ ಚಪ್ಪಾಳೆ ತಟ್ಟಿತು. ಬಿರುಗಾಳಿ ಉಳಿಯಿತು.

ಮರುದಿನ ಬೆಳಿಗ್ಗೆ ಮಾವ ಕಿಟಕಿಯಿಂದ ಮುಗಿಲು ನೋಡಿ, ಹಳೇ ಚಾಳಿ, “ಇವತ್ತು ಮಳೆ ಬರುತ್ತೆ” ಅಂದುಬಿಟ್ಟರು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡರು. ಹೆಂಡತಿ ಸರಸರನೆ ಮಹಡಿ ಹತ್ತಿ, ಆಗತಾನೇ ಒಣಹಾಕಿದ್ದ ಬಟ್ಟೆಗಳನ್ನೆಲ್ಲ ಬಾಚಿ ತಂದು, ಕುರ್ಚಿ, ಮಂಚ, ಬಾಗಿಲುಗಳ ಮೇಲೆ ಹರಡಿದರು.

ದಿನವಿಡೀ ಸುಡುಬಿಸಿಲು. ಒಂದು ಹನಿ ಬೀಳಲಿಲ್ಲ.

ಸೋಮವಾರ ಮಾವ ಇನ್ನೂ ಒದ್ದೆಯಾಗಿದ್ದ ಅಂಗಿಯನ್ನೇ ಹಾಕಿಕೊಂಡು, ಎದೆಯುಬ್ಬಿಸಿ ಕೆಲಸಕ್ಕೆ ಹೋದರು.